ಮಗುವಿನ ಚಿಕಿತ್ಸೆಯಲ್ಲಿ ತಾಯಿತಂದೆಯರ ಪಾಲು



ಆಟಿಸಂ ಉಳ್ಳ ಮಗುವಿಗೆ ಏನು ಚಿಕಿತ್ಸೆ ಮಾಡಿಸಬೇಕೆಂಬ ಪ್ರಶ್ನೆಯನ್ನು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವ ತಂದೆಯೊಬ್ಬನು ಕೇಳಿದಾಗ, ಆ ಚಿಕಿತ್ಸೆಯನ್ನು ಯಾವ ಹೊತ್ತಿನಲ್ಲಿ, ಯಾರ ಕೈಯಿಂದ ಮಾಡಿಸಬೇಕೆಂಬ ಇನ್ನೊಂದು ಪ್ರಶ್ನೆಯೂ ಅದರೊಳಗೆ ಅಡಗಿರುತ್ತದೆ. ನಾನೂ ಅಂಥ ತಂದೆಯಾದುದರಿಂದ ಈ ವಿಷಯವಾಗಿ ನಾಲ್ಕು ಮಾತನಾಡುವ ಧೈರ್ಯ ತಳೆದಿದ್ದೇನೆ.

ಹೆಸರು ಹಿಡಿದು ಕರೆದರೆ ತಿರುಗದಿರುವುದು, ಬೇಕಾದುದನ್ನು ಬೆರಳಿಟ್ಟು ತೋರಿಸದಿರುವುದು, ಆಡಿದ ಆಟವನ್ನೇ ಮತ್ತೆ ಮತ್ತೆ ಆಡುವುದು, ಮಿಕ್ಸಿಯ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಚೀರುವುದು, ಇವೆಲ್ಲ ಕಣ್ಣೆದುರಿಗೇ ನಡೆಯುತ್ತಿದ್ದರೂ, 'ಗಂಡುಹುಡುಗರಿಗೆ ಮಾತು ತಡ' ಎಂಬ ಹಿರಿಯರ ಸಮಾಧಾನದಲ್ಲಿ ಅಮೂಲ್ಯವಾದ ಕಾಲವು ಕಳೆದುಹೋಗುತ್ತದೆ. ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಯನ್ನು ವೈದ್ಯಲೋಕಕ್ಕೆ ಪರಿಚಯಿಸಿದ ಬಳಿಕ, ತಾಯಿಯ ವಾತ್ಸಲ್ಯಶೂನ್ಯತೆಯೇ ಇದಕ್ಕೆ ಕಾರಣವೆಂಬ ಕ್ರೂರವಾದ ವಾದವು ಬಹುಕಾಲ ಮೆರೆಯಿತು. ಅದನ್ನು 1964ರಲ್ಲಿ ಗ್ರಂಥಮುಖೇನ ಖಂಡಿಸಿದ ಬರ್ನಾರ್ಡ್ ರಿಮ್‌ಲ್ಯಾಂಡ್ ಮನಶ್ಶಾಸ್ತ್ರಜ್ಞನಾಗಿದ್ದಂತೆಯೇ ಇಂಥ ಮಗುವೊಂದರ ತಂದೆಯೂ ಆಗಿದ್ದನು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಭೇದವೆಂಬುದು ಈಗ ನಿರ್ವಿವಾದ. ಆದರೂ ನಮ್ಮ ಬೀದಿಗಳಲ್ಲಿ 'ತಾಯಿ ಕೈಗೆ ಫೋನು ಕೊಟ್ಟು ಕೆಡಿಸಿದಳು' ಎಂಬ ಮಾತು ಇಂದಿಗೂ ಕೇಳಿಬರುತ್ತಿರುವುದು ದುಃಖದ ಸಂಗತಿ.

ಸ್ಪೀಚ್ ಥೆರಪಿಯೆಂಬುದು ಕೇವಲ ಶಬ್ದೋಚ್ಚಾರಣೆಯ ಪಾಠವಲ್ಲ. ನೋಟ, ಸನ್ನೆ, ಚಿತ್ರ, ನುಡಿ, ಯಾವುದರಿಂದಲಾದರೂ ಸರಿ, ಮಗುವು ತನ್ನ ಇಂಗಿತವನ್ನು ಇನ್ನೊಬ್ಬರಿಗೆ ಮುಟ್ಟಿಸಲು ಕಲಿಯಬೇಕೆಂಬುದು ಅದರ ಉದ್ದೇಶ. ಆಕ್ಯುಪೇಷನಲ್ ಥೆರಪಿಯಾದರೋ ಉಣ್ಣುವುದು, ಉಡುವುದು, ಗದ್ದಲವನ್ನು ತಾಳಿಕೊಳ್ಳುವುದು ಮೊದಲಾದ ನಿತ್ಯಕರ್ಮಗಳಿಗೆ ಮಗುವನ್ನು ಅಣಿಗೊಳಿಸುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ವಾಕ್‌ತಜ್ಞೆ ಪ್ರತಿಭಾ ಕಾರಂತರು ಬೆಂಗಳೂರಿನಲ್ಲಿ ಕಟ್ಟಿದ ಕಾಮ್‌ಡೀಲ್, ಇವು ಈ ದಿಶೆಯಲ್ಲಿ ದುಡಿಯುತ್ತಿರುವುದು ನಾಡಿನ ಭಾಗ್ಯ. ಆದರೆ ಹಾರೋಹಳ್ಳಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುವುದೆಂದರೆ ಅರ್ಧ ದಿನದ ಕೂಲಿಯನ್ನು ಬಿಟ್ಟಂತೆ. ಸದ್ದನ್ನು ಸಹಿಸಲಾರದ ಮಗುವಿಗಂತೂ ಆ ಪ್ರಯಾಣವೇ ಒಂದು ಶಿಕ್ಷೆ. ಇಷ್ಟೆಲ್ಲ ಪಟ್ಟು ನಾವು ಮೊದಲು ಸೇರಿದ ಒಂದು ಖಾಸಗಿ ಕೇಂದ್ರದಲ್ಲಿ ಮಗುವನ್ನು ಒಳಗೆ ಕರೆದೊಯ್ದು ಬಾಗಿಲು ಹಾಕುತ್ತಿದ್ದರು. ಒಳಗೆ ಏನು ನಡೆಯಿತು, ಮನೆಯಲ್ಲಿ ನಾವು ಏನು ಮಾಡತಕ್ಕದ್ದು ಎಂಬುದನ್ನು ಹೇಳುವವರಿರಲಿಲ್ಲ. ಮಗುವಿನ ಸಂಗಡ ವಾರದ ಉಳಿದೆಲ್ಲ ಹೊತ್ತನ್ನು ಕಳೆಯುವವರನ್ನು ಹೊರಗಿರಿಸಿ ನಡೆಯಿಸುವ ಚಿಕಿತ್ಸೆಯು ಎಷ್ಟು ದುಬಾರಿಯಾದರೂ ಅಪೂರ್ಣವೇ ಸರಿ.

ತಾಯಿಯೊಬ್ಬಳು ಏನು ಮಾಡಬಲ್ಲಳೆಂಬುದಕ್ಕೆ ನಮ್ಮಲ್ಲೇ ನಿದರ್ಶನವುಂಟು. ಮೈಸೂರು, ಬೆಂಗಳೂರುಗಳಲ್ಲಿ ನೆಲಸಿದ್ದ ಸೋಮಾ ಮುಖೋಪಾಧ್ಯಾಯರು ತಮ್ಮ ಮಗ ಟಿಟೊನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಅಕ್ಷರಫಲಕದಿಂದ ಆರಂಭಿಸಿ ಲೇಖನಿಯವರೆಗೆ ಬಿಡದೆ ಕಲಿಸಿದರು. ಆ ಬಾಲಕನ ಬರಹಗಳು 2000ದಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕವಾಗಿ ಹೊರಬಂದವು. ಅವರ ಪದ್ಧತಿಯನ್ನು ಇತರ ಮಕ್ಕಳಿಗೆ ಅನ್ವಯಿಸಿದಾಗ ಮೂಡುವ ಮಾತು ಮಗುವಿನದೋ ಸಹಾಯಕರ ಸೂಚನೆಯದೋ ಎಂಬುದು ಸಿದ್ಧವಾಗಿಲ್ಲವೆಂದು ಅಮೆರಿಕದ ವಾಕ್‌ತಜ್ಞರ ಸಂಘವು 2018ರಲ್ಲಿ ಎಚ್ಚರಿಸಿದೆ. ಆದಕಾರಣ ಆ ಪದ್ಧತಿಯನ್ನು ಅನುಕರಿಸಿರೆಂದು ನಾನು ಹೇಳಲಾರೆ. ಆ ತಾಯಿಯ ನಿಷ್ಠೆಗೆ ಮಾತ್ರ ತಲೆಬಾಗುತ್ತೇನೆ.

ಶಾಸ್ತ್ರಶುದ್ಧವಾದ ಪರೀಕ್ಷೆಗೆ ಒಳಗಾದ ಪ್ರಯತ್ನವು ನೆರೆಯ ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ನಡೆದು, ಅದರ ಫಲಿತಾಂಶವು 2016ರಲ್ಲಿ ಪ್ರಕಟವಾಯಿತು. ಅಲ್ಲಿ ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ತಾಯಿ ಮಗುವಿನೊಡನೆ ಆಡುವುದನ್ನು ಚಿತ್ರೀಕರಿಸಿ, ಆ ಚಿತ್ರವನ್ನು ಅವಳೊಡನೆಯೇ ಕುಳಿತು ನೋಡಿ, ಮಗುವಿನ ಸೂಕ್ಷ್ಮವಾದ ಸೂಚನೆಗೆ ಅವಳು ಓಗೊಟ್ಟ ಕ್ಷಣಗಳನ್ನು ಗುರುತಿಸಿ ತೋರಿಸಿದರು. 65 ಮಕ್ಕಳ ಆ ಪ್ರಯೋಗದಲ್ಲಿ, ಈ ನೆರವು ದೊರೆತ ಮನೆಗಳ ತಾಯಿತಂದೆಯರು ಸ್ಪಂದಿಸುವ ರೀತಿ ಸುಧಾರಿಸಿತು. ಮಕ್ಕಳು ತಾವಾಗಿಯೇ ಸಂಪರ್ಕಕ್ಕೆ ತೊಡಗುವುದೂ ಹೆಚ್ಚಿತು. ನಮ್ಮ ಮನೆಯಲ್ಲಿ ಚನ್ನಪಟ್ಟಣದ ಆಲೆಮರದ ಬುಗುರಿಯೊಂದು ಈ ಕೆಲಸಕ್ಕೆ ಒದಗಿತು. ಅದು ತಿರುಗಿ ನಿಂತಾಗ ನಾನು ಕೂಡಲೆ ತಿರುಗಿಸದೆ ಸುಮ್ಮನೆ ಕಾಯುವುದನ್ನು ಕಲಿತೆ. ಮಗನು ನನ್ನ ಮುಖ ನೋಡಿದೊಡನೆಯೇ 'ತಿರುಗಿಸು' ಎಂದು ಅವನ ಪರವಾಗಿ ನುಡಿದು ತಿರುಗಿಸುತ್ತೇನೆ. ಈಗ ಅವನು 'ತಿರು' ಎನ್ನುತ್ತಾನೆ. ಹೊರಗಿನವರಿಗೆ ಇದು ಅಲ್ಪವೆಂದು ತೋರಬಹುದು, ನಮಗೆ ಅಲ್ಪವಲ್ಲ.

ಗುಣಪಡಿಸಿಯೇ ತೀರುತ್ತೇವೆಂದು ಹಣ ಕೇಳುವವರಿಂದ ಮಾತ್ರ ದೂರವಿರಬೇಕು. ಶರೀರದಿಂದ ಲೋಹಗಳನ್ನು ತೆಗೆಯುವೆವೆಂಬ ಕೀಲೇಷನ್ ಚಿಕಿತ್ಸೆಯಿಂದ 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಬಾಲಕನೊಬ್ಬನು ಪ್ರಾಣವನ್ನೇ ಕಳೆದುಕೊಂಡನು.

ಸರ್ಕಾರದ ನೆರವೂ ಇಲ್ಲದಿಲ್ಲ. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಅಂಗನವಾಡಿಗಳಿಗೆ ಬರುತ್ತವೆ. ಸಂದೇಹವಿದ್ದರೆ ಅವರ ಮುಂದೆ ಸಂಕೋಚವಿಲ್ಲದೆ ಹೇಳಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆಟಿಸಂ ಅನ್ನೂ ಒಳಗೊಂಡಿರುವುದರಿಂದ ಪ್ರಮಾಣಪತ್ರವನ್ನು ಪಡೆಯಬಹುದು. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿಯವರೆಗಿನ ನೆರವುಂಟು.

ಹಾರೋಹಳ್ಳಿಯ ಕಾರ್ಖಾನೆಗಳ ಒಡೆಯರಲ್ಲಿ ನನ್ನದೊಂದು ವಿನಂತಿ. ಮೂವತ್ತಕ್ಕೆ ಮೀರಿ ಮಹಿಳೆಯರು ದುಡಿಯುವಲ್ಲಿ ಶಿಶುಪಾಲನಾ ಕೊಠಡಿಯಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ಆ ಕೊಠಡಿಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರಿಗೆ ಆಟಿಸಂನ ಲಕ್ಷಣಗಳನ್ನು ಗುರುತಿಸುವ ತರಬೇತಿ ಕೊಡಿಸಿರಿ; ವಾರಕ್ಕೊಮ್ಮೆ ವಾಕ್‌ತಜ್ಞರೊಬ್ಬರನ್ನು ಇಲ್ಲಿಗೇ ಕರೆಸಿರಿ; ಆ ದಿನ ತಾಯಿಗೋ ತಂದೆಗೋ ಕೂಲಿ ಕಡಿಯದೆ ಒಂದು ಗಂಟೆಯ ಬಿಡುವು ಕೊಟ್ಟು, ಮಗುವಿನ ಬಳಿಯಲ್ಲಿ ಕುಳಿತು ಕಲಿಯಲು ಅವಕಾಶ ಮಾಡಿಕೊಡಿರಿ.