ಜೇಬಿನ ಚೂರಿ ಮತ್ತು ಕಾನೂನಿನ ಮಿತಿ



ನಮ್ಮ ಯುವಕರಲ್ಲಿ ಒಂದು ಮಾತು ಬೇರೂರಿದೆ: ‘ಒಂಬತ್ತು ಇಂಚಿಗಿಂತ ಚಿಕ್ಕ ಚೂರಿಯಾದರೆ ಯಾರೂ ಏನೂ ಮಾಡಲಾರರು.’ ಈ ಅರ್ಧಸತ್ಯವನ್ನು ನಂಬಿ ತಮ್ಮ ಭವಿಷ್ಯವನ್ನೇ ಅಪಾಯಕ್ಕೊಡ್ಡುವವರಿದ್ದಾರೆ. ಹಾಗಾದರೆ ಕಾನೂನು ನಿಜವಾಗಿ ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿಗಷ್ಟೇ ಸೀಮಿತವಲ್ಲ. ಹರಿತವಾದ ಮಾರಕಾಯುಧಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಆದರೆ ಕೇವಲ ಗೃಹಬಳಕೆಗೆ ಅಥವಾ ಕೃಷಿಗೆಂದೇ ತಯಾರಾದ ಸಾಧನಗಳನ್ನು ಅದು ಆಯುಧವೆಂದು ಪರಿಗಣಿಸುವುದಿಲ್ಲ. 2016ರ ನಿಯಮಗಳ ಪಟ್ಟಿಯಲ್ಲಿ ಖಡ್ಗ, ಕಠಾರಿ, ಭರ್ಜಿಗಳ ಜೊತೆಗೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗಿನ ಚೂರಿಗಳೂ ಸೇರಿವೆ. ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ, ಅದು ಹೆಸರಿಸಿದ ಬಗೆಯ ಆಯುಧಗಳಿಗೆ ನಾಲ್ಕನೆಯ ಸೆಕ್ಷನ್ ಪ್ರಕಾರ ಪರವಾನಿಗೆ ಅಗತ್ಯ. ಅದಿಲ್ಲದವನಿಗೆ 25ನೆಯ ಸೆಕ್ಷನ್ ಜೈಲುಶಿಕ್ಷೆ ವಿಧಿಸುತ್ತದೆ.

ಅಂದರೆ ಒಂಬತ್ತು ಇಂಚು ಕಾನೂನಿನ ಒಂದು ಗೆರೆ ಮಾತ್ರ. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಬಟನ್ ಚೂರಿಗಳಿಗೆ 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲದ ಮಿತಿ ಹಾಕಿದೆ. ಇಂಥ ಚೂರಿಯೊಂದಿಗೆ ಸಿಕ್ಕಿಬಿದ್ದವನೊಬ್ಬನ ಮೇಲಿನ ಮೊಕದ್ದಮೆಯನ್ನು 2025ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಚೂರಿಯನ್ನು ಮಾರಾಟಕ್ಕೋ ತಯಾರಿಕೆಗೋ ಪರೀಕ್ಷೆಗೋ ಇಟ್ಟುಕೊಂಡಿದ್ದನೆಂಬ ಆರೋಪವೇ ದೋಷಾರೋಪಪಟ್ಟಿಯಲ್ಲಿ ಇರಲಿಲ್ಲ. ನ್ಯಾಯ ದೊರೆಯಿತು, ನಿಜ. ಆದರೆ ಅದಕ್ಕಾಗಿ ಅವನು ದೇಶದ ಅತ್ಯುನ್ನತ ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. ನಮ್ಮಲ್ಲಿ ಎಷ್ಟು ಕುಟುಂಬಗಳಿಗೆ ಆ ಶಕ್ತಿಯಿದೆ?

ಸ್ಥಳ ಮತ್ತು ಸಂದರ್ಭವೂ ಮುಖ್ಯ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಶಾಂತಿಪಾಲನೆಗಾಗಿ ಆಯುಧ ಒಯ್ಯುವುದನ್ನು ಕೆಲಕಾಲ ನಿಷೇಧಿಸಬಹುದು. ಆ ದಿನಗಳಲ್ಲಿ ಅಲಗಿನ ಅಳತೆ ಯಾರನ್ನೂ ಕಾಪಾಡದು. ವಿಮಾನದಲ್ಲಿ ಕೈಚೀಲದೊಳಗೆ ಚೂರಿ ಒಯ್ಯುವಂತಿಲ್ಲ.

ಎಲ್ಲಕ್ಕಿಂತ ಗಂಭೀರವಾದುದು ಬಳಕೆ. ಜಗಳದಲ್ಲಿ ಇರಿಯುವ ಸಾಧನದಿಂದ ಗಾಯಗೊಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 118ನೆಯ ಸೆಕ್ಷನ್ ಮೂರು ವರ್ಷದವರೆಗೆ, ಗಾಯ ತೀವ್ರವಾದರೆ ಜೀವಾವಧಿಯವರೆಗೆ ಶಿಕ್ಷೆ ವಿಧಿಸುತ್ತದೆ. ಅಲ್ಲಿ ಅಲಗು ಎಷ್ಟು ಇಂಚೆಂದು ಕಾನೂನು ಕೇಳುವುದಿಲ್ಲ. ರಕ್ಷಣೆಗೆಂದು ಜೇಬಿಗಿಳಿಸಿದ ಚೂರಿ ಕೋಪದ ಒಂದು ಕ್ಷಣದಲ್ಲಿ ಎರಡು ಮನೆಗಳನ್ನು ನಾಶ ಮಾಡಬಲ್ಲದು.

ಹಾಗೆಂದು ದುಡಿಯುವವರು ಭಯಪಡಬೇಕಾಗಿಲ್ಲ. ಎಳನೀರು ಮಾರುವವನ ಕತ್ತಿ, ಚಮ್ಮಾರನ ರಂಪಿ, ಬಕ್ರೀದ್‌ನಂದು ಮನೆಮನೆಗೆ ಹೋಗುವ ಕಸಾಯಿಯ ಚೂರಿ ಕಸುಬಿನ ಸಾಧನಗಳು. ಅವನ್ನು ಬಟ್ಟೆಯಲ್ಲಿ ಸುತ್ತಿ, ಇತರ ಸಾಮಗ್ರಿಯೊಂದಿಗೆ ಚೀಲದಲ್ಲಿಟ್ಟು ನೇರವಾಗಿ ಕೆಲಸದ ಸ್ಥಳಕ್ಕೆ ಒಯ್ಯುವುದು ವಿವೇಕ. ಪೊಲೀಸರು ತಡೆದರೆ ವಾದಕ್ಕಿಳಿಯದೆ ಉದ್ದೇಶವನ್ನು ತಿಳಿಸಬೇಕು. ಬಂಧನದ ಕಾರಣ ತಿಳಿಯುವ, ವಕೀಲರ ನೆರವು ಪಡೆಯುವ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕನ್ನು ಸಂವಿಧಾನದ 22ನೆಯ ವಿಧಿ ನಮಗೆ ನೀಡಿದೆ.

ಹೆತ್ತವರೇ, ಮಗನ ಜೇಬಿನಲ್ಲಿ ಚೂರಿ ಕಂಡರೆ ಅದರ ಉದ್ದ ಅಳೆಯಬೇಡಿ. ‘ಇದು ಯಾಕೆ?’ ಎಂದು ಕೇಳಿರಿ. ಆ ಪ್ರಶ್ನೆಯನ್ನು ಪೊಲೀಸ್ ಠಾಣೆಗಿಂತ ಮೊದಲು ಮನೆಯೇ ಕೇಳಬೇಕಾಗಿದೆ.