ಕತೆ ಹೇಳುವವರು ಯಾರು?

(ಕಾಲೇಜೊಂದರ ಕನ್ನಡ ಸಂಘದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಸಾರ)

ಮದುವೆಯ ಊಟ ಹೇಗಿತ್ತೆಂದು ಬಡಿಸಿದವನನ್ನು ಕೇಳಿ. ಕೊನೆಯ ಪಂಕ್ತಿಯಲ್ಲಿ ಕೂತವನನ್ನೂ ಕೇಳಿ. ಊಟ ಒಂದೇ, ಕತೆ ಎರಡು. ಸಣ್ಣಕತೆಯಲ್ಲಿ ನಿರೂಪಕನ ದೃಷ್ಟಿಕೋನ ಎನ್ನುವುದು ಇದನ್ನೇ.

ಮಾಸ್ತಿಯವರ ‘ರಂಗನ ಮದುವೆ’ಯನ್ನು ನೋಡಿ. ಬೆಂಗಳೂರಿನಲ್ಲಿ ಓದಿ ಹೊಸಹಳ್ಳಿಗೆ ಬಂದ ರಂಗನಿಗೆ ಚಿಕ್ಕ ಹುಡುಗಿಯನ್ನು ಮದುವೆಯಾಗಲು ಇಷ್ಟವಿಲ್ಲ. ಕತೆ ಹೇಳುವ ಶ್ಯಾಮ ಅದೇ ಊರಿನವನು. ಅವನು 11 ವರ್ಷದ ರತ್ನಳನ್ನು ಮನೆಗೆ ಕರೆಸಿ ಹಾಡಿಸುತ್ತಾನೆ. ಅದೇ ಹೊತ್ತಿಗೆ ರಂಗ ಬರುವಂತೆ ಮಾಡುತ್ತಾನೆ. ಅವಳಿಗೆ ಮದುವೆಯಾಗಿದೆಯೆಂದು ಸುಳ್ಳು ಹೇಳುತ್ತಾನೆ. ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ಜ್ಯೋತಿಷ್ಯ ಹೇಳಿಸುತ್ತಾನೆ.

ಸಂಚು ಹೂಡಿದವನೇ ನಮ್ಮೊಡನೆ ಗುಟ್ಟು ಹೇಳುತ್ತಿರುವುದರಿಂದ ನಾವೂ ಅದರಲ್ಲಿ ಪಾಲುದಾರರು. ರಂಗನಿಗೆ ತಿಳಿಯದ್ದು ನಮಗೆ ತಿಳಿದಿದೆ. ನಗು ಹುಟ್ಟುವುದು ಅಲ್ಲಿ. ಇದನ್ನೇ ರಂಗ ಹೇಳಿದ್ದರೆ? ಶಾಸ್ತ್ರಿಗಳ ಮಾತು ಪವಾಡವಾಗುತ್ತಿತ್ತು. ಗುಟ್ಟು ಬಯಲಾದ ಮೇಲೆ, ಮೋಸಹೋದವನ ಅಳಲಾಗುತ್ತಿತ್ತು. ಎಲ್ಲರ ಮನಸ್ಸನ್ನೂ ಬಲ್ಲ ನಿರೂಪಕ ಹೇಳಿದ್ದರೆ, ಜಗಲಿ ಹರಟೆಯ ಈ ಸಲಿಗೆಯೇ ಇರುತ್ತಿರಲಿಲ್ಲ.

ರತ್ನ ಹೇಳಿದ್ದರೆ? ಹಾಡು ಎಂದರು, ಹಾಡಿದಳು. ಅವಳ ಮನಸ್ಸಿನೊಳಗೆ ನಾವು ಹೋಗುವುದೇ ಇಲ್ಲ. ಶ್ಯಾಮ ಕೆಟ್ಟವನಲ್ಲ, ಅವನು ನಿಂತ ಜಾಗದಿಂದ ಅದು ಕಾಣುವುದಿಲ್ಲ, ಅಷ್ಟೆ. ಹೇಳುವವರನ್ನು ಆರಿಸಿದಾಗ, ಸುಮ್ಮನಿರಬೇಕಾದವರನ್ನೂ ಆರಿಸಿದಂತೆಯೇ.

ಜಪಾನಿನ ಅಕುತಾಗಾವಾ 1922ರಲ್ಲಿ ಬೇರೆ ದಾರಿ ಹಿಡಿದರು. ಒಂದು ಕೊಲೆಯ ಬಗ್ಗೆ ಏಳು ಹೇಳಿಕೆಗಳನ್ನು ಕೊಟ್ಟು, ತೀರ್ಪು ಕೊಡದೆ ಕತೆ ಮುಗಿಸಿದರು. ಕುರೊಸಾವಾ ಅವರ ‘ರಾಶೊಮನ್’ (1950) ಚಿತ್ರಕ್ಕೆ ಅದೇ ಆಧಾರ. ಆದರೆ ಎಲ್ಲ ಕತೆಯಲ್ಲೂ ಏಳು ಬಾಯಿಗೆ ಜಾಗವಿರುವುದಿಲ್ಲ. ಪತ್ರಿಕೆಯ ಸುದ್ದಿಯಲ್ಲಂತೂ ಇಲ್ಲವೇ ಇಲ್ಲ.

ಹಿಂದೊಮ್ಮೆ ರಸ್ತೆ ಅಗಲ ಮಾಡಿದ ಸುದ್ದಿ ಬರೆದೆ. ಅಡಿಗಳ ಲೆಕ್ಕ, ನೋಟಿಸಿನ ತಾರೀಕು, ಅಧಿಕಾರಿಯ ಹೇಳಿಕೆ, ಒಂದಕ್ಷರ ತಪ್ಪಿರಲಿಲ್ಲ. ಮರುದಿನ, ಅಂಗಡಿ ಕಳೆದುಕೊಂಡ ಹೂವಿನ ಅಜ್ಜಿ ಎದುರಾದರು. “ಬರ್ದಿರೋದೆಲ್ಲ ಸರಿಯಾಗೇ ಐತಂತೆ ಕಣಪ್ಪ. ನನ್ನನ್ಯಾಕೆ ಕೇಳ್ಲಿಲ್ಲ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಆ ಸುದ್ದಿಯನ್ನು ನಾನು ಅಧಿಕಾರಿಯ ಮೇಜಿನ ಪಕ್ಕ ನಿಂತು ನೋಡಿದ್ದೆ. ಇಂದಿಗೂ ‘ರಂಗನ ಮದುವೆ’ ಓದಿದರೆ ನಗು ಬರುತ್ತದೆ. ನಕ್ಕ ಮೇಲೆ ರತ್ನಳ ನೆನಪೂ ಬರುತ್ತದೆ.