ಪ್ರಶ್ನೆ ಕೇಳುವ ಇಂಗ್ಲಿಷ್: ‘ಹೌ’ ಪದದ ಜೊತೆಪದಗಳು ಮತ್ತು ಅವುಗಳ ಸ್ಥಾನ

(ಹಿರಿಯ ಪ್ರಾಥಮಿಕ ಹಾಗೂ ಪ್ರೌಢಶಾಲೆಗಳ ಇಂಗ್ಲಿಷ್ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ನೇ ಸಾಲಿನಿಂದ ಇಂಗ್ಲಿಷ್ ಭಾಷೆಯನ್ನು ಒಂದನೇ ತರಗತಿಯಿಂದಲೇ ಒಂದು ವಿಷಯವಾಗಿ ಬೋಧಿಸಲಾಗುತ್ತಿದೆ. ಹತ್ತನೇ ತರಗತಿಗೆ ಬರುವ ವೇಳೆಗೆ ವಿದ್ಯಾರ್ಥಿಗಳು ಆ ಭಾಷೆಯಲ್ಲಿ ನೂರಾರು ಪ್ರಶ್ನೆಗಳಿಗೆ ಉತ್ತರ ಬರೆದಿರುತ್ತಾರೆ. ಆದರೆ ತಾವೇ ಒಂದು ಪ್ರಶ್ನೆ ಕೇಳಬೇಕಾದ ಸಂದರ್ಭ ಬಂದಾಗ ಅನೇಕರು ತಡವರಿಸುತ್ತಾರೆ. ಇದಕ್ಕೆ ಕಾರಣ ದೂರದಲ್ಲಿಲ್ಲ. ಪಾಠದ ಕೊನೆಯಲ್ಲಿ ಪಠ್ಯಪುಸ್ತಕ ಕೇಳುತ್ತದೆ. ತರಗತಿಯಲ್ಲಿ ಶಿಕ್ಷಕರು ಕೇಳುತ್ತಾರೆ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೇಳುತ್ತದೆ. ಕೇಳುವ ಸರದಿ ಮಗುವಿನವರೆಗೆ ಬರುವುದೇ ವಿರಳ. ಈ ಕೊರತೆ ಎದ್ದು ಕಾಣುವ ಒಂದು ವಾಕ್ಯರಚನೆಯನ್ನು ಇಲ್ಲಿ ವಿವೇಚಿಸಲಾಗಿದೆ.

‘ಹೌ ಫಾರ್ ಕ್ಯಾನ್ ಶಿ ವಾಕ್?’, ‘ಹೌ ಲಾಂಗ್ ಶುಡ್ ಐ ವೇಟ್?’, ‘ಹೌ ಮೆನಿ ಬುಕ್ಸ್ ಮೇ ಐ ಟೇಕ್?’, ‘ಹೌ ಡೀಪ್ ಮಸ್ಟ್ ದ ಪಿಟ್ ಬಿ?’ - ಈ ನಾಲ್ಕೂ ಪ್ರಶ್ನೆಗಳ ಕಟ್ಟು ಒಂದೇ. ಮೊದಲ ಸ್ಥಾನದಲ್ಲಿ ‘ಹೌ’ ಮತ್ತು ಅದರ ಜೊತೆಪದ. ಎರಡನೆಯ ಸ್ಥಾನದಲ್ಲಿ ಕ್ಯಾನ್, ಶುಡ್, ಮೇ, ಮಸ್ಟ್ ಮೊದಲಾದ ‘ಮೋಡಲ್’ ಎಂಬ ಸಹಾಯಕ ಕ್ರಿಯಾಪದ. ಮೂರನೆಯ ಸ್ಥಾನದಲ್ಲಿ ಕರ್ತೃಪದ. ನಾಲ್ಕನೆಯ ಸ್ಥಾನದಲ್ಲಿ ಮೂಲರೂಪದ ಕ್ರಿಯಾಪದ. ಜೊತೆಪದವು ಲಾಂಗ್, ಡೀಪ್, ಹೈ, ಹೆವಿ ಎಂಬಂಥ ವಿಶೇಷಣವಾಗಿರಬಹುದು. ಆಫನ್, ಸೂನ್ ಎಂಬಂಥ ಕ್ರಿಯಾವಿಶೇಷಣವಾಗಿರಬಹುದು. ‘ಮೆನಿ ಬುಕ್ಸ್’ ಎಂಬಂತೆ ಪ್ರಮಾಣಸೂಚಕ ಪದದೊಡನೆ ನಾಮಪದವೂ ಸೇರಿರಬಹುದು. ‘ಹೌ’ ಮತ್ತು ಅದರ ಜೊತೆಪದವನ್ನು ಅಗಲಿಸುವಂತಿಲ್ಲ. ಅವೆರಡೂ ಒಟ್ಟಾಗಿಯೇ ವಾಕ್ಯದ ಮೊದಲಿಗೆ ಬರುತ್ತವೆ.

ಈ ರಚನೆಯ ಅರ್ಥವು ಕನ್ನಡದ ಮಗುವಿಗೆ ಹೊಸದಲ್ಲ. ‘ಹೌ’ ಮತ್ತು ಜೊತೆಪದದ ಸ್ಥಾನದಲ್ಲಿ ಕನ್ನಡವು ‘ಎಷ್ಟು’ ಎಂಬ ಪದವನ್ನು ಇಟ್ಟು ಅದರ ಮುಂದೆ ದೂರ, ಹೊತ್ತು, ಆಳ, ಎತ್ತರ, ಸಲ, ಬೇಗ ಎಂಬ ಪದಗಳನ್ನು ಸೇರಿಸುತ್ತದೆ. ಮೋಡಲ್ ಪದಗಳ ಕೆಲಸವನ್ನು ಕ್ರಿಯಾಪದದ ಕೊನೆಯಲ್ಲಿ ಸೇರುವ ‘ಬಲ್ಲಳು’, ‘ಬೇಕು’, ‘ಬಹುದು’ ಎಂಬ ರೂಪಗಳು ನಿರ್ವಹಿಸುತ್ತವೆ. ‘ಎಷ್ಟು ದೂರ ನಡೆಯಬಲ್ಲಳು?’, ‘ಎಷ್ಟು ಹೊತ್ತು ಕಾಯಬೇಕು?’, ‘ಎಷ್ಟು ಪುಸ್ತಕ ಒಯ್ಯಬಹುದು?’, ‘ಗುಂಡಿ ಎಷ್ಟು ಆಳ ಇರಬೇಕು?’ ಎಂದು ಕೇಳಬಲ್ಲ ಮಗುವಿಗೆ ಇಂಗ್ಲಿಷಿನಲ್ಲಿ ಕಲಿಯಬೇಕಾಗಿರುವುದು ಅರ್ಥವನ್ನಲ್ಲ, ಸ್ಥಾನವನ್ನು. ಕೊನೆಯ ಪ್ರಶ್ನೆಯ ‘ಇರಬೇಕು’ ಎಂಬ ರೂಪವನ್ನು ‘ಇರು’ ಮತ್ತು ‘ಬೇಕು’ ಎಂದು ಬಿಡಿಸಿ ತೋರಿಸಿದರೆ, ‘ಮಸ್ಟ್’ ಇರುವಾಗಲೂ ಕೊನೆಯಲ್ಲಿ ‘ಬಿ’ ಏಕೆ ಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ತೊಡಕು ಉಂಟಾಗುವುದು ಎರಡನೆಯ ಸ್ಥಾನದಲ್ಲಿ. ‘ನಾನು ಎಷ್ಟು ಹೊತ್ತು ಕಾಯಬೇಕು?’ ಎಂಬ ಪ್ರಶ್ನೆಗೆ ‘ನೀನು ಹತ್ತು ನಿಮಿಷ ಕಾಯಬೇಕು’ ಎಂಬುದು ಉತ್ತರ. ಪ್ರಶ್ನೆಯ ‘ಎಷ್ಟು ಹೊತ್ತು’ ಇದ್ದ ಜಾಗದಲ್ಲಿಯೇ ‘ಹತ್ತು ನಿಮಿಷ’ ಬಂದು ಕುಳಿತಿದೆ, ಕ್ರಿಯಾಪದ ಕದಲಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ‘ಯು ಶುಡ್ ವೇಟ್’ ಎಂಬ ಹೇಳಿಕೆಯಲ್ಲಿ ಕರ್ತೃವಿನ ಹಿಂದೆ ಇದ್ದ ‘ಶುಡ್’, ಪ್ರಶ್ನೆಯಲ್ಲಿ ಕರ್ತೃವನ್ನು ದಾಟಿ ಮುಂದಕ್ಕೆ ಬರುತ್ತದೆ. ಕನ್ನಡದಲ್ಲಿ ಇಂಥ ಚಲನೆಯ ಅಗತ್ಯವಿಲ್ಲದ ಕಾರಣ ಮಕ್ಕಳು ‘ಹೌ ಲಾಂಗ್ ಐ ಶುಡ್ ವೇಟ್?’ ಎನ್ನುತ್ತಾರೆ. ಇದು ಅಲಕ್ಷ್ಯದ ಫಲವಲ್ಲ. ತಾಯ್ನುಡಿಯ ನಿಯಮವನ್ನು ಮಗು ನಿಷ್ಠೆಯಿಂದ ಪಾಲಿಸಿದುದರ ಫಲ. ಆದುದರಿಂದ ಇಂಥ ವಾಕ್ಯ ಕೇಳಿದಾಗ ತರಗತಿಯಲ್ಲಿ ನಗೆ ಏಳದಂತೆ ನೋಡಿಕೊಳ್ಳುವುದು ವ್ಯಾಕರಣ ಬೋಧನೆಯ ಮೊದಲ ಹೆಜ್ಜೆ. ಒಮ್ಮೆ ನಗೆಗೀಡಾದ ಮಗು ಮತ್ತೊಮ್ಮೆ ಕೇಳಲು ಹಿಂಜರಿಯುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ‘ಹೌ ಲಾಂಗ್ ಐ ಶುಡ್ ವೇಟ್’ ಎಂಬ ಕ್ರಮ ಸರ್ವಥಾ ತಪ್ಪಲ್ಲ. ‘ಪ್ಲೀಸ್ ಟೆಲ್ ಮಿ ಹೌ ಲಾಂಗ್ ಐ ಶುಡ್ ವೇಟ್’ ಎಂದಾಗ ಅದೇ ಕ್ರಮ ಸರಿಯಾಗುತ್ತದೆ. ಪ್ರಶ್ನೆಯು ಮತ್ತೊಂದು ವಾಕ್ಯದ ಒಳಗೆ ಸೇರಿದಾಗ ಮೋಡಲ್ ಪದವು ಕರ್ತೃವಿನ ಹಿಂದೆಯೇ ಉಳಿಯುತ್ತದೆ. ಹಾಗೆಯೇ ‘ಹೌ ಫಾಸ್ಟ್ ಕ್ಯಾನ್ ಶಿ ರನ್?’ ಎಂಬುದು ಪ್ರಶ್ನೆ. ‘ಹೌ ಫಾಸ್ಟ್ ಶಿ ಕ್ಯಾನ್ ರನ್!’ ಎಂಬುದು ಉದ್ಗಾರ. ‘ಎಷ್ಟು ವೇಗವಾಗಿ ಓಡಬಲ್ಲಳು’ ಎಂಬ ಒಂದೇ ಕನ್ನಡ ವಾಕ್ಯವು ದನಿಯ ಏರಿಳಿತದಿಂದ ಪ್ರಶ್ನೆಯೂ ಆಗುತ್ತದೆ, ಮೆಚ್ಚುಗೆಯೂ ಆಗುತ್ತದೆ. ಇಂಗ್ಲಿಷ್ ಆ ಭೇದವನ್ನು ಪದಕ್ರಮದಲ್ಲಿಯೂ ತೋರಿಸುತ್ತದೆ. ಹೀಗಾಗಿ ಮಗುವಿನ ವಾಕ್ಯವನ್ನು ಬರಿದೆ ಹೊಡೆದುಹಾಕುವ ಬದಲು, ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ತೋರಿಸುವುದು ಹೆಚ್ಚು ಫಲಕಾರಿ.

ಜೊತೆಪದದ ಆಯ್ಕೆಯೂ ಅಷ್ಟೇ ಮುಖ್ಯ. ಊರಿನಿಂದ ದೂರದ ನಗರದ ಆಸ್ಪತ್ರೆಯೊಂದರಲ್ಲಿ ಕನ್ನಡ ಬಾರದ ವೈದ್ಯರ ಮುಂದೆ ಅಜ್ಜಿಯನ್ನು ಕರೆತಂದ ಬಾಲಕಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಅವಳು ಕೇಳಬೇಕಾದ ಪ್ರಶ್ನೆಗಳು ಮೂರು. ದಿನಕ್ಕೆ ಎಷ್ಟು ಸಲ ಮಾತ್ರೆ ಕೊಡಬೇಕು ಎಂಬುದಕ್ಕೆ ‘ಹೌ ಆಫನ್’. ಎಷ್ಟು ದಿನಗಳವರೆಗೆ ಕೊಡಬೇಕು ಎಂಬುದಕ್ಕೆ ‘ಹೌ ಲಾಂಗ್’. ಎಷ್ಟು ಬೇಗ ಮರಳಿ ಬರಬೇಕು ಎಂಬುದಕ್ಕೆ ‘ಹೌ ಸೂನ್’. ಮೋಡಲ್ ಪದ ಅದಲುಬದಲಾದರೂ ವೈದ್ಯರು ಅರ್ಥ ಮಾಡಿಕೊಂಡಾರು. ಆದರೆ ‘ಆಫನ್’ ಇರಬೇಕಾದಲ್ಲಿ ‘ಲಾಂಗ್’ ಬಂದರೆ ‘ದಿನಕ್ಕೆ ಮೂರು ಸಲ’ ಎಂಬ ಉತ್ತರಕ್ಕೆ ಬದಲಾಗಿ ‘ಐದು ದಿನ’ ಎಂಬ ಉತ್ತರ ಬರುತ್ತದೆ. ವ್ಯಾಕರಣದ ಈ ಸಣ್ಣ ಭೇದ ಅಲ್ಲಿ ಅಂಕಗಳ ವಿಷಯವಾಗಿ ಉಳಿಯುವುದಿಲ್ಲ.

ಬೋಧನೆಗೆ ಹೆಚ್ಚಿನ ಸಾಮಗ್ರಿಯೇನೂ ಬೇಕಿಲ್ಲ. ನಾಲ್ವರು ಮಕ್ಕಳಿಗೆ ‘ಶಿ’, ‘ಕ್ಯಾನ್’, ‘ವಾಕ್’, ‘ಫೈವ್ ಕಿಲೋಮೀಟರ್ಸ್’ ಎಂದು ಬರೆದ ರಟ್ಟಿನ ಚೀಟಿಗಳನ್ನು ಕೊಟ್ಟು ಸಾಲಾಗಿ ನಿಲ್ಲಿಸಬೇಕು. ಸಾಲು ಓದಿದಾಗ ಹೇಳಿಕೆಯಾಗುತ್ತದೆ. ಬಳಿಕ ಕೊನೆಯ ಮಗುವು ಚೀಟಿಯನ್ನು ತಿರುಗಿಸಿ, ಅದರ ಹಿಂಬದಿಯ ‘ಹೌ ಫಾರ್’ ಎಂಬುದನ್ನು ತೋರುತ್ತಾ ಸಾಲಿನ ಮೊದಲಿಗೆ ಬರಬೇಕು. ‘ಕ್ಯಾನ್’ ಹಿಡಿದ ಮಗು ‘ಶಿ’ ಹಿಡಿದ ಮಗುವನ್ನು ದಾಟಿ ಅದರ ಪಕ್ಕಕ್ಕೆ ಬರಬೇಕು. ಹೇಳಿಕೆಯು ಪ್ರಶ್ನೆಯಾಗುವ ಬಗೆ ಆಗ ಕಣ್ಣಿಗೆ ಕಾಣುತ್ತದೆ. ‘ವಾಕ್’ ಹಿಡಿದ ಮಗು ಕದಲಲಿಲ್ಲ, ಅದರ ರೂಪವೂ ಬದಲಾಗಲಿಲ್ಲ ಎಂಬುದನ್ನು ತೋರಿಸಿದರೆ ‘ವಾಕ್ಸ್’, ‘ಟು ವಾಕ್’ ಎಂಬ ತಪ್ಪುಗಳೂ ದೂರವಾಗುತ್ತವೆ. ‘ಹ್ಯಾವ್ ಟು’ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಅದಕ್ಕೆ ‘ಡು’ ಬೇಕು, ‘ಹೌ ಲಾಂಗ್ ಡು ಐ ಹ್ಯಾವ್ ಟು ವೇಟ್?’ ಎಂಬಂತೆ. ಇದನ್ನು ಪ್ರತ್ಯೇಕವಾಗಿ, ಮತ್ತೊಂದು ದಿನ ಕಲಿಸುವುದು ಲೇಸು.

ಅನಂತರ ಪ್ರತಿದಿನ ಐದು ನಿಮಿಷಗಳ ಕಾಲ ಕೇಳುವ ಸರದಿಯನ್ನು ಮಕ್ಕಳಿಗೆ ಬಿಟ್ಟುಕೊಡಬೇಕು. ಸಸಿ ನೆಡುವ ದಿನ ಗುಂಡಿಯ ಆಳ, ಕ್ರೀಡಾಕೂಟದ ದಿನ ಓಟದ ದೂರ, ಗ್ರಂಥಾಲಯದ ಅವಧಿಯಲ್ಲಿ ಪುಸ್ತಕಗಳ ಸಂಖ್ಯೆ - ಇವುಗಳ ಕುರಿತು ಮಕ್ಕಳು ಕೇಳಲಿ, ಶಿಕ್ಷಕರು ಉತ್ತರಿಸಲಿ. ಉತ್ತರವು ಕೇಳಿದ ಮಗುವಿಗೆ ನಿಜವಾಗಿಯೂ ಬೇಕಾದದ್ದಾಗಿರಲಿ. ಬೇಕಾದದ್ದನ್ನು ಕೇಳಿ ಪಡೆದ ವಾಕ್ಯ ಮರೆಯುವುದಿಲ್ಲ.

ಪ್ರಶ್ನೆಗೆ ಉತ್ತರಿಸುವವರು ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾರೆ. ಪ್ರಶ್ನೆ ಕೇಳಬಲ್ಲವರು ಕಚೇರಿಯ ಕಿಟಕಿಯ ಮುಂದೆಯೂ, ಆಸ್ಪತ್ರೆಯಲ್ಲಿಯೂ, ಉದ್ಯೋಗದ ಸಂದರ್ಶನದಲ್ಲಿಯೂ ತಮಗೆ ಸಲ್ಲಬೇಕಾದುದನ್ನು ಪಡೆಯುತ್ತಾರೆ. ಜಿಲ್ಲೆಯ ಪ್ರತಿಯೊಂದು ಶಾಲೆಯಲ್ಲಿಯೂ ಈ ಐದು ನಿಮಿಷಗಳು ಮಕ್ಕಳ ಪಾಲಿಗೆ ದೊರೆಯಲಿ.